ಭಾವನವರ ಆಂಪ್ಲಿಫೈಯರು

ಸಂಗೀತವೆಂದರೆ ತಂಬೂರಿ, ಹಾರ್ಮೋನಿಯಂ, ತಬಲಾ ಇಷ್ಟೇ ಎಂದು ನಂಬಿದ ಮನೆತನ ನಮ್ಮದು. ಅಂಥ ಮನೆಗೆ ವಿದ್ಯುತ್ ಗಿಟಾರನ್ನು ತಂದವರು ನಮ್ಮ ಭಾವನವರು. ಬೆಂಗಳೂರಿನಿಂದ ಮುಂಬಯಿಗೆ ಬಂದು, ಹಗಲು ನೌಕರಿ, ರಾತ್ರಿ ವಾದ್ಯವೃಂದ ಎಂದು ಇಪ್ಪತ್ತು ವರ್ಷ ದುಡಿದ ಅವರು ಕಾಲವಾದ ಮೇಲೆ ಅಕ್ಕನೂ ಅವಳ ಮಗನೂ ಮಾಜಿವಾಡೆಯ ನಮ್ಮ ಎರಡು ಕೋಣೆಗಳ ಮನೆಗೆ ಬಂದರು. ಅವರೊಡನೆ ಬಂದದ್ದು, ಕಬ್ಬಿಣದ ಟ್ರಂಕಿನಷ್ಟು ಭಾರವಾದ ಒಂದು ವಾಲ್ವ್ ಆಂಪ್ಲಿಫೈಯರು.

ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಹುಡುಗ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದ ಹಾಡೊಂದನ್ನು ಗಿಟಾರಿನಲ್ಲಿ ನುಡಿಸುವವನು. ಸಂಗೀತ ಜಿ. ಕೆ. ವೆಂಕಟೇಶರದು, ಇಳಯರಾಜರು ಒಂದು ಕಾಲಕ್ಕೆ ಅವರ ಬಳಿ ಗಿಟಾರ್ ನುಡಿಸುತ್ತ ಸಹಾಯಕರಾಗಿದ್ದುದನ್ನು ಬಲ್ಲವರು ಬಲ್ಲರು. ಆದರೆ ಹಾಡುಗಾರನ ಕೊರಳಿನ ಜಾಗದಲ್ಲಿ ನಿಲ್ಲಬೇಕಾದ ತಂತಿ ಕೀಚಲಾಗಿ ಅರಚುತ್ತಿತ್ತು. “ಮಾಮಾ, ಇದನ್ನು ಮಾರಿ, ಸಾಲ ಮಾಡಿಯಾದರೂ ಹೊಸದು ತರೋಣ” ಎಂದ. ಅಕ್ಕ ಮಾತಾಡಲಿಲ್ಲ, ಪೆಟ್ಟಿಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

ಬಿ.ಎ. ಪದವಿಗೆ ವಾಲ್ವಿನ ಪಾಠವಿಲ್ಲ. ಆದ್ದರಿಂದ ಠಾಣೆಯ ವಯಸ್ಸಾದ ರೇಡಿಯೋ ರಿಪೇರಿಯವರೊಬ್ಬರನ್ನು ಕರೆತಂದೆವು. ಹಿಂಬದಿಯ ಹಲಗೆ ಬಿಚ್ಚುವ ಮೊದಲೇ ಅವರು ಎಚ್ಚರಿಸಿದರು: ಪ್ಲಗ್ಗು ಕಿತ್ತಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟು ಉಳಿದಿರುತ್ತದೆ, ತಿಳಿಯದವರು ಕೈಹಾಕಿದರೆ ಪ್ರಾಣಕ್ಕೇ ಸಂಚಕಾರ, ಸ್ಪೀಕರು ಜೋಡಿಸದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದು. ಮಕ್ಕಳಿರುವ ಮನೆಯವರು ಇವೆರಡನ್ನೂ ಗಮನಿಸತಕ್ಕದ್ದು.

ಒಳಗೆ ಎರಡು ಇಎಲ್84 ವಾಲ್ವುಗಳು, ಮೈಮೇಲೆ ‘ಬಿಇಎಲ್’ ಎಂಬ ಮಾಸಿದ ಅಚ್ಚು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸಿನಲ್ಲಿ 1961ರಿಂದ ವಾಲ್ವುಗಳು ತಯಾರಾಗತೊಡಗಿದ್ದುವು. ಊರು ಬಿಟ್ಟು ಬಂದವರು ನಾವಷ್ಟೇ ಅಲ್ಲವೆಂದು ಮನಸ್ಸಿಗೆ ಏನೋ ಹಿತವಾಯಿತು.

ಇಂಥ ಎರಡು ವಾಲ್ವು ಸೇರಿದರೆ ಸುಮಾರು 15 ವಾಟ್. ತಾಳಲಾರದಷ್ಟು ಹೊರೆ ಹೊರಿಸಿದಾಗ ವಾಲ್ವು ಧ್ವನಿಯಲೆಯ ತುದಿಗಳನ್ನು ಮೆಲ್ಲಗೆ ಅದುಮುತ್ತದೆ; ಆಗ ಹೊಸ ಉಪಸ್ವರಗಳು ಹುಟ್ಟಿ, ಎಳೆದ ಸ್ವರ ಬೇಗ ಸಾಯದೆ ತುಂಬಿ ನಿಲ್ಲುತ್ತದೆ. 1966ರಲ್ಲಿ ಎರಿಕ್ ಕ್ಲಾಪ್ಟನ್ ಲಂಡನ್ನಿನಲ್ಲಿ ಮಾರ್ಷಲ್ ಆಂಪ್ಲಿಫೈಯರನ್ನು ಜೋರಾಗಿಟ್ಟು ಧ್ವನಿಮುದ್ರಿಸಿದ್ದು ಇದೇ ಗುಣವನ್ನು. ಹಾಗಾದರೆ ನಮ್ಮ ಮನೆಯ ಕಿರುಚಾಟ ಎಲ್ಲಿಯದು?

ರಿಪೇರಿಯವರು ವಾಲ್ವು ನೋಡುವ ಬದಲು ಹುಡುಗನ ಮೊಣಕಾಲು ನೋಡಿದರು. ಪೆಟ್ಟಿಗೆ ನೆಲದ ಮೇಲೆ, ಹುಡುಗ ನಿಂತುಕೊಂಡು. ಸ್ಪೀಕರಿನ ತಾರಧ್ವನಿ ಬ್ಯಾಟರಿಯ ಬೆಳಕಿನಂತೆ ನೇರವಾಗಿ ಮಾತ್ರ ಹೋಗುತ್ತದಂತೆ. ಅದು ಅವನ ಕಾಲಿಗೆ ಬಡಿಯುತ್ತಿತ್ತೇ ಹೊರತು ಕಿವಿಗೆ ಬರುತ್ತಿರಲಿಲ್ಲ. ಮಂಕಾಗಿದೆಯೆಂದು ಅವನು ಟ್ರೆಬಲ್ ಏರಿಸುತ್ತಾ ಹೋದ; ಎದುರಿಗೆ ಕೂತ ನಮಗೆ ಕಿವಿ ಸೀಳಿತು. ಪೆಟ್ಟಿಗೆಯನ್ನು ಸ್ಟೂಲಿನ ಮೇಲೆ ಏರಿಸಿ, ತುಸು ಮೇಲ್ಮುಖವಾಗಿ ವಾಲಿಸಿದೊಡನೆ ಹುಡುಗನೇ ಕಿವಿ ಮುಚ್ಚಿಕೊಂಡು ಟ್ರೆಬಲ್ ಇಳಿಸಿದ! ಮಿಡ್ ಗುಂಡಿಯನ್ನು ಅವನು ಸೊನ್ನೆಗೆ ಇಳಿಸಿಟ್ಟಿದ್ದ. ಅದನ್ನು ಅರ್ಧಕ್ಕಿಂತ ಮೇಲಕ್ಕೆ ತಿರುಗಿಸಲಾಯಿತು. ಒಂಟಿಯಾಗಿ ನುಡಿಸುವಾಗ ಮಿಡ್ ಇಲ್ಲದ ನಾದ ಸೊಗಸೆನಿಸಿದರೂ ಡ್ರಮ್ಮು, ಕೀಬೋರ್ಡುಗಳ ನಡುವೆ ಅದು ಮುಳುಗಿಹೋಗುತ್ತದೆ. ಮೊದಲ ಹಂತದ ಇಸಿಸಿ83 ಮಾತ್ರ ಸವೆದಿತ್ತು. ಲ್ಯಾಮಿಂಗ್ಟನ್ ರಸ್ತೆಯಿಂದ ಬೇರೆ ತಂದು ಹಾಕಿದರು. ಇನ್ನೊಂದು ಗುಟ್ಟೂ ಹೇಳಿಕೊಟ್ಟರು. ಪಕ್ಕವಾದ್ಯವಾಗಿ ನುಡಿಸುವಾಗ ಗಿಟಾರಿನದೇ ವಾಲ್ಯೂಮ್ ಗುಂಡಿಯನ್ನು ಆರಕ್ಕೆ ಇಳಿಸಿ, ಒಂಟಿ ಸ್ವರದ ಸರದಿ ಬಂದಾಗ ಪೂರ್ತಿ ತೆರೆಯಬೇಕು.

ಹುಡುಗ ಒಂದು ಸ್ವರ ಎಳೆದು ನಿಲ್ಲಿಸಿದ. ಅಕ್ಕ ಕುಕ್ಕರಿಳಿಸಿ ಬಾಗಿಲಿಗೆ ಬಂದಳು. “ಅದನ್ನೇ ಇನ್ನೊಂದು ಸಲ ನುಡಿಸೋ” ಎಂದಳು.

ಮಾರುವ ಮಾತು ಆಮೇಲೆ ಬಂದಿಲ್ಲ. ವಾಲ್ವಿಗೆ ಮೆಲ್ಲಗೆ ಹಾಡುವುದು ಒಗ್ಗದಾದ್ದರಿಂದ ಮೇಲಿನ ಮನೆಯ ಮರಾಠಿ ಅಜ್ಜಿಯೊಡನೆ ಒಪ್ಪಂದವಾಗಿದೆ: ಭಾನುವಾರ ಹನ್ನೊಂದರಿಂದ ಹನ್ನೆರಡು, ಅದೂ ಅವರು ದೇವಸ್ಥಾನಕ್ಕೆ ಹೋದಮೇಲೆ.