ಹತ್ತದ ಕೆಂಪು ದೀಪ

ಹಳೆಯ ಜಾವಾ ಮೋಟಾರ್ ಸೈಕಲ್ಲೊಂದನ್ನು ನಾನು ಕೊಂಡದ್ದು ಅದರ ಸದ್ದಿಗೆ ಮರುಳಾಗಿ. ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಈ ಮರುಳು ಹೊಸದಲ್ಲ. ಯಾದವಗಿರಿಯ ಕಾರ್ಖಾನೆ 1961ರಲ್ಲಿ ಗಾಡಿಗಳನ್ನು ಹೊರಬಿಡತೊಡಗಿ 1996ರಲ್ಲಿ ಬಾಗಿಲು ಹಾಕಿತು. ಆ ಜೋಡಿ ಕೊಳವೆಗಳ ಸದ್ದು ಮಾತ್ರ ಊರಿನ ಕಿವಿಯಿಂದ ಇನ್ನೂ ಇಳಿದಿಲ್ಲ. ನಮ್ಮ ತಂದೆ (ಮನೆಯಲ್ಲಿ ಎಲ್ಲರಿಗೂ ಅವರು ಅಣ್ಣ) ಅಲ್ಲಿಯ ಸ್ಟೋರ್ಸಿನಲ್ಲಿ ಗುಮಾಸ್ತರಾಗಿದ್ದವರು. ಗಾಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದಾಗ ಅದಕ್ಕೊಂದು ಸುತ್ತು ಬಂದರು, ಟ್ಯಾಂಕಿನ ಮೇಲೆ ಕೈಯಾಡಿಸಿದರು, ಕೀಲಿ ಹಾಕಿ ಒಮ್ಮೆ ನೋಡಿದರು, "ಹೂಂ" ಎಂದು ಒಳಗೆ ಹೋದರು. ನಮ್ಮಿಬ್ಬರ ನಡುವೆ ಒಂದು ದಿನಕ್ಕೆ ಅಷ್ಟು ಮಾತು ಹೆಚ್ಚೇ.

ಮಾರಿದವನು ಗುಣಗಾನ ಮಾಡುವಾಗ ಹೇಳಿದ್ದ: "ನೋಡಿ ಸಾರ್, ಈ ಕೆಂಪು ದೀಪ ಒಂದು ದಿನವೂ ಹತ್ತಿದ್ದಿಲ್ಲ. ಚಾರ್ಜಿಂಗ್ ಅಪರಂಜಿ." ಕೆಂಪು ದೀಪ ಇಲ್ಲದಿದ್ದರೆ ಎಲ್ಲವೂ ಕ್ಷೇಮವೆಂಬುದು ಲೋಕರೂಢಿ; ರೈಲಿನವರನ್ನು ಕೇಳಿದರೂ ಅದನ್ನೇ ಹೇಳಿಯಾರು. ನಾನೂ ನಂಬಿದೆ.

ಮೂರನೆಯ ವಾರಕ್ಕೆ ಹಾರನ್ನು ನೆಗಡಿಯಾದ ಮಗುವಿನಂತೆ ಗೊರಗೊರ ಎನ್ನತೊಡಗಿತು. ಬ್ಯಾಟರಿ ಅಂಗಡಿಯವನು ಒಂದು ರಾತ್ರಿ ಚಾರ್ಜಿಗಿಟ್ಟು ಕೊಟ್ಟ. ಕೆಲವು ದಿನ ನಡೆಯಿತು. ಆಮೇಲೆ, "ಇದಕ್ಕೆ ವಯಸ್ಸಾಯಿತು ಸಾರ್" ಎಂದ. ಹೊಸದು ಕೊಂಡೆ. ಅದು ಎರಡು ವಾರ ಬಾಳಿತು. ಈ ಗಾಡಿಗಳ ಕಿಡಿಗೂ ಬ್ಯಾಟರಿಯೇ ಆಧಾರ. ಡೈನಮೋ ಏನನ್ನೂ ಕೊಡದಿದ್ದರೂ ಗಾಡಿ ಒಂದಷ್ಟು ಕಾಲ ಗಂಭೀರವಾಗಿಯೇ ಓಡುತ್ತದೆ, ಸಂಬಳ ನಿಂತ ಸಂಸಾರ ಇಡುಗಂಟಿನಲ್ಲಿ ನಡೆಯುವ ಹಾಗೆ.

ಇಡುಗಂಟು ಕರಗಿದ್ದು ಒಂದು ರಾತ್ರಿ, ನಂಜನಗೂಡಿನ ನಂಟರ ಮನೆಯಿಂದ ಹಿಂದಿರುಗುವಾಗ. ಹಿಂದೆ ಅಣ್ಣ ಕುಳಿತಿದ್ದರು. ಎಂಬತ್ತರ ಹೊಸ್ತಿಲಲ್ಲಿರುವವರು, ಬಸ್ಸಿಗೆ ಹೋಗುತ್ತೇನೆಂದವರನ್ನು ಹಟಮಾಡಿ ಕೂರಿಸಿಕೊಂಡಿದ್ದೆ. ಕಡಕೊಳ ದಾಟುತ್ತಿದ್ದಂತೆ ಮುಂದಿನ ದೀಪ ಹಳದಿಗೆ ತಿರುಗಿತು, ಕೆಂಪಗಾಯಿತು, ಎಂಜಿನ್ನು ನಾಲ್ಕು ಬಾರಿ ಕೆಮ್ಮಿ ನಿಂತಿತು. ಹಿಂದಿನ ದೀಪವೂ ಇಲ್ಲ. ಗಾಡಿಯನ್ನು ಅಂಚಿಗೆ ತಳ್ಳುವಷ್ಟರಲ್ಲಿ ಲಾರಿಯೊಂದು ಕೈಯಳತೆಯಲ್ಲಿ ಹಾದುಹೋಯಿತು. ಅಣ್ಣನ ಶಲ್ಯ ಹಾರಿ ನನ್ನ ಮುಖಕ್ಕೆ ಬಡಿಯಿತು. ಅವರು ಏನೂ ಅನ್ನಲಿಲ್ಲ. ನನ್ನ ಮೊಬೈಲಿನ ದೀಪವನ್ನು ಹಿಂದಕ್ಕೆ ಹಿಡಿದು ಬೆನ್ನ ಹಿಂದೆಯೇ ನಡೆದು ಬಂದರು. ತೆರೆದಿದ್ದ ಒಂದು ಟೀ ಅಂಗಡಿ ಸಿಕ್ಕುವವರೆಗೂ ನನಗೆ ಅವರ ಉಸಿರು ಕೇಳಿಸುತ್ತಲೇ ಇತ್ತು.

ಮರುದಿನ ಮಂಡಿ ಮೊಹಲ್ಲದ ಮುದಿ ಸಾಬರ ಬಳಿಗೆ ಹೋದೆ. ಅವರು ಬ್ಯಾಟರಿಯನ್ನು ಬಯ್ಯಲಿಲ್ಲ. ಚಾರ್ಜಾದ ಬೇರೊಂದನ್ನು ಕೂರಿಸಿ ಮೀಟರು ಹಿಡಿದರು. ಆರು ವೋಲ್ಟಿಗಿಂತ ತುಸು ಮೇಲೆ. ಎಂಜಿನ್ನನ್ನು ಚಾಲೂ ಮಾಡಿ ವೇಗ ಏರಿಸಿದರೂ ಮುಳ್ಳು ಕದಲಲಿಲ್ಲ. "ಏಳು ಮುಟ್ಟಬೇಕು" ಎಂದರು. ಎಂಜಿನ್ನು ನಿಲ್ಲಿಸಿ ಬರಿಯ ಕೀಲಿ ಹಾಕಿ, "ಕೆಂಪು ದೀಪ ಎಲ್ಲಿ ಸಾರ್?" ಎಂದು ಕೇಳಿದರು.

"ಅದು ಹತ್ತುವುದೇ ಇಲ್ಲ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಸಾಬರು ನಕ್ಕರು. ಆ ದೀಪದ ಒಂದು ತುದಿ ಬ್ಯಾಟರಿಯ ಕಡೆಗೆ, ಇನ್ನೊಂದು ಡೈನಮೋ ಕಡೆಗೆ. ಎಂಜಿನ್ನು ನಿಂತಿರುವಾಗ ಬ್ಯಾಟರಿಯ ವಿದ್ಯುತ್ತು ದೀಪವನ್ನು ಹಾದು, ಡೈನಮೋದ ಕಾರ್ಬನ್ ಬ್ರಷ್ಷುಗಳ ಮೂಲಕ ಗಾಡಿಯ ಮೈಗೆ ಸೇರುತ್ತದೆ, ದೀಪ ಹತ್ತಲೇಬೇಕು. ಡೈನಮೋ ತಾನೇ ದುಡಿಯತೊಡಗಿದ ಮೇಲೆ ಎರಡು ಕಡೆಯ ಒತ್ತಡವೂ ಸಮನಾಗಿ ಆರುತ್ತದೆ. ಹತ್ತಿ ಆರಿದರೆ ಆರೋಗ್ಯ. ಹತ್ತದೆಯೇ ಇದ್ದರೆ ದಾರಿ ಎಲ್ಲೋ ಕಡಿದಿದೆಯೆಂದು ಅರ್ಥ. ಬಲ್ಬನ್ನು ಕಿತ್ತು ಬ್ಯಾಟರಿಗೆ ಮುಟ್ಟಿಸಿದರು, ಚೆನ್ನಾಗಿಯೇ ಹತ್ತಿತು. ಬಲಮಗ್ಗುಲಿನ ಮುಚ್ಚಳ ತೆಗೆದರೆ ಕಳ್ಳ ಸಿಕ್ಕಿದ: ಬ್ರಷ್ಷೊಂದು ಸವೆದು ಗಿಡ್ಡಾಗಿ, ಮಸಿ ಎಣ್ಣೆಗಳ ಅಂಟಿನಲ್ಲಿ ತನ್ನ ಗೂಡಿನೊಳಗೇ ಸಿಕ್ಕಿಕೊಂಡಿತ್ತು. ಸ್ಪ್ರಿಂಗು ಎಷ್ಟು ಒತ್ತಿದರೂ ಅದು ತಾಮ್ರವನ್ನು ಮುಟ್ಟುತ್ತಿರಲಿಲ್ಲ. ಗೂಡನ್ನು ಪೆಟ್ರೋಲಿನ ಬಟ್ಟೆಯಿಂದ ಒರೆಸಿ, ಕಪ್ಪಾಗಿದ್ದ ತಾಮ್ರವನ್ನು ನಯವಾದ ಮರಳು ಕಾಗದದಿಂದ ಉಜ್ಜಿ, ಪಟ್ಟಿಗಳ ನಡುವಿನ ಗೀರುಗಳನ್ನು ಕೆರೆದು ಹೊಸ ಬ್ರಷ್ಷುಗಳನ್ನು ಹಾಕಿದರು. ರೆಗ್ಯುಲೇಟರು, ಅರ್ತಿನ ತಂತಿ ಇವನ್ನೂ ವಿಚಾರಿಸಿದರು, ನಿರಪರಾಧಿಗಳು. ಕೀಲಿ ಹಾಕಿದರೆ ಕೆಂಪು ದೀಪ ಹತ್ತಿತು. ಎಂಜಿನ್ನಿನ ವೇಗ ಏರಿದಂತೆ ಮಂಕಾಗಿ ಆರಿತು. ಮುಳ್ಳು ಏಳನ್ನು ದಾಟಿ ನಿಂತಿತು. ಎರಡು ಬ್ಯಾಟರಿಗಳನ್ನು ಸುಮ್ಮನೆ ದೂರಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮನೆಗೆ ಬಂದು ಈ ಸಂಶೋಧನೆಯನ್ನು ಉತ್ಸಾಹದಿಂದ ವಿವರಿಸಿದೆ. ಅಣ್ಣ ಪತ್ರಿಕೆಯಿಂದ ತಲೆಯೆತ್ತದೆ, "ಮೊದಲನೆಯ ದಿನವೇ ನೋಡಿದ್ದೆ. ದೀಪ ಹತ್ತಿರಲಿಲ್ಲ" ಎಂದರು.

"ಹೇಳಬಾರದಾಗಿತ್ತೇ, ಅಣ್ಣ?"

"ನೀನು ಕೇಳಲಿಲ್ಲ. ಇಷ್ಟು ಓದಿದವನು, ತಿಳಿದೇ ಕೊಂಡಿರುತ್ತೀಯೆ ಎಂದುಕೊಂಡೆ."

ಹೆದ್ದಾರಿಯ ಆ ಕತ್ತಲಲ್ಲಿಯೂ ಅವರಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ನನ್ನ ಹಿಂದೆ ದೀಪ ಹಿಡಿದು ನಡೆದಿದ್ದರು. ಕೋಪ ಮಾಡಿಕೊಳ್ಳಬೇಕೋ ಬೇಡವೋ ತಿಳಿಯದೆ ಸ್ನಾನಕ್ಕೆ ಹೋದೆ.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಸದ್ದಾಯಿತು. ಅಣ್ಣ ಬನಿಯನ್ನಿನಲ್ಲೇ ಗಾಡಿಯ ಪಕ್ಕ ನಿಂತಿದ್ದರು. ಕೀಲಿ ಹಾಕುವರು, ಕೆಂಪು ದೀಪ ನೋಡುವರು. ತೆಗೆಯುವರು, ಮತ್ತೆ ಹಾಕುವರು. ನನ್ನನ್ನು ಕಂಡು ಕರೆದರು:

"ಬಾ ಇಲ್ಲಿ. ಆ ಮುಚ್ಚಳ ತೆಗೆದು ತೋರಿಸು. ಇಪ್ಪತ್ತೈದು ವರ್ಷ ಆ ಬ್ರಷ್ಷುಗಳನ್ನು ಎಣಿಸಿ ಎಣಿಸಿ ಕೊಟ್ಟಿದ್ದೇನೆ. ಎಲ್ಲಿ ಕೂರುತ್ತವೆಂದು ಒಂದು ದಿನವೂ ನೋಡಿಲ್ಲ."