ನಯಾ ಗ್ರಾಮದ ಪಟಗಳಲ್ಲಿ ಕಡಲಿನ ಮುಖ

ಹೌರಾದಿಂದ ಖರಗ್‌ಪುರದ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಬಾಲೀಚಕ್ ಎಂಬ ನಿಲ್ದಾಣವಿದೆ. ಅಲ್ಲಿಳಿದು ರಸ್ತೆ ಹಿಡಿದರೆ ಪಶ್ಚಿಮ ಮೇದಿನೀಪುರ ಜಿಲ್ಲೆಯ ಪಿಂಗ್ಲಾ ಸೀಮೆಯ ನಯಾ ಗ್ರಾಮ ಸಿಗುತ್ತದೆ. ಪಟಚಿತ್ರ ಬರೆದು, ಅದರ ಕಥೆಯನ್ನು ಹಾಡಿ ಬದುಕುವ ಪಟುವಾಗಳ ಊರಿದು. ಇವರ ಮನೆತನದ ಹೆಸರು ಚಿತ್ರಕರ್. ಧರ್ಮದಿಂದ ಬಹುಪಾಲು ಮುಸಲ್ಮಾನರು. ಬರೆಯುವುದು ಮನಸಾದೇವಿಯ, ಚಂಡಿಯ, ಶ್ರೀಕೃಷ್ಣನ ಕಥೆಗಳನ್ನು. ಕಾಯಕಕ್ಕೆ ಕುಲ ಅಡ್ಡಬಾರದೆಂದು ಕೇಳಿ ಬೆಳೆದ ನಮಗೆ ಇದು ಸೋಜಿಗವೆನಿಸಬಾರದು, ಆದರೂ ಎನಿಸಿತು.

ಮನೆಯಂಗಳಗಳಲ್ಲಿ ತೆಂಗಿನ ಚಿಪ್ಪುಗಳು ಬಿಸಿಲು ಕಾಯುತ್ತಿದ್ದವು. ಅವೇ ಇವರ ಬಣ್ಣದ ಬಟ್ಟಲುಗಳು. ಅರಿಸಿನದಿಂದ ಹಳದಿ, ಶಂಖಪುಷ್ಪದಿಂದ ನೀಲಿ, ಅವರೆ ಎಲೆಯಿಂದ ಹಸಿರು, ದೀಪದ ಕಾಡಿಗೆಯಿಂದ ಕಪ್ಪು. ಇವಕ್ಕೆ ಬೆರೆಸುವ ಅಂಟು ಬಿಲ್ವದ ಕಾಯಿಯದು! ಶಿವಪೂಜೆಗೆ ಪತ್ರೆಯನ್ನು ಮಾತ್ರ ಬಿಡಿಸಿಕೊಳ್ಳುವ ನಾವು ಆ ಕಾಯಿಯ ಅಂಟನ್ನು ಎಂದಾದರೂ ಗಮನಿಸಿದ್ದೇವೆಯೆ? ಕಾಗದದ ಹಾಳೆಗಳನ್ನು ಉದ್ದಕ್ಕೆ ಜೋಡಿಸಿ, ಹಿಂಬದಿಗೆ ಹಳೆಯ ಸೀರೆಯ ಬಟ್ಟೆ ಅಂಟಿಸಿದರೆ ಪಟ ಸುರುಳಿಯಾಗಿ ಬಾಳುತ್ತದೆ.

ನಾವು ನೋಡಬಯಸಿದ್ದು ಸುನಾಮಿಯ ಪಟವನ್ನು. 2004ರ ಡಿಸೆಂಬರ್ 26ರಂದು ಸುಮಾತ್ರಾ ಸಮೀಪದ ಕಡಲಡಿಯಲ್ಲಿ ಭೂಮಿ ಕಂಪಿಸಿ ಎದ್ದ ಅಲೆಗಳು ಎರಡು ಲಕ್ಷಕ್ಕೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡವು. ನಮ್ಮ ದೇಶದಲ್ಲಿ ತಮಿಳುನಾಡಿನ ನಾಗಪಟ್ಟಣವೂ ಅಂಡಮಾನ್ ನಿಕೋಬಾರ್ ದ್ವೀಪಗಳೂ ತತ್ತರಿಸಿದವು. ನಯಾ ಗ್ರಾಮಕ್ಕೆ ಆ ನೀರು ಬರಲಿಲ್ಲ, ಸುದ್ದಿ ಬಂದಿತು. ಪಟುವಾಗಳು ಅದನ್ನೇ ಪಟವಾಗಿಸಿ ಹಾಡು ಕಟ್ಟಿದರು. ಜಯದೇವ್ ಮತ್ತು ಮೊಯ್ನಾ ಚಿತ್ರಕರ್ ಅವರ ಇಂತಹ ಪಟವನ್ನು ಚೆನ್ನೈನ ತಾರಾ ಬುಕ್ಸ್ ಸಂಸ್ಥೆ 2009ರಲ್ಲಿ ಸುರುಳಿಯಂತೆಯೇ ಬಿಚ್ಚಿಕೊಳ್ಳುವ ಪುಸ್ತಕವಾಗಿ ಮುದ್ರಿಸಿತು.

ಒಬ್ಬ ಗೃಹಿಣಿ ಸುರುಳಿ ಬಿಚ್ಚಿ, ಒಂದೊಂದೇ ಚೌಕವನ್ನು ಬೆರಳಿನಿಂದ ತೋರುತ್ತ ಹಾಡಿದರು. ಮೇಲ್ತುದಿಯಲ್ಲಿ ರಕ್ಕಸನ ಮುಖ ಹೊತ್ತ ಕಡಲು. ಕೆಳಗೆ ನೀರಿನಲ್ಲಿ ಮೀನುಗಳೊಡನೆ ಮನುಷ್ಯರು, ಮಕ್ಕಳು. ಎಲ್ಲರ ಕಣ್ಣುಗಳೂ ಅಗಲವಾಗಿ ತೆರೆದೇ ಇವೆ. ಗಿಡ ನೆಡಿರೆಂದು ಹೇಳುವ ಪಟವನ್ನೂ ತೋರಿಸಿದರು. ಅದು ಉಪದೇಶಕ್ಕಾಗಿಯೇ ಬರೆದಂತಿದ್ದು, ನಮ್ಮ ಮನಸ್ಸನ್ನು ಅಷ್ಟಾಗಿ ತಟ್ಟಲಿಲ್ಲ.

ಕಾಣದವರ ಸಾವನ್ನು ಹಾಡಿ ಅನ್ನ ಗಳಿಸುವುದು ಸರಿಯೆ? ಈ ಪ್ರಶ್ನೆ ನಮ್ಮನ್ನು ಕಾಡಿತು. ಹಿಂದೆ ಪಟುವಾಗಳು ಮನೆಬಾಗಿಲಲ್ಲಿ ಹಾಡಿ ಅಕ್ಕಿ, ಕಾಸು, ಹಳೆಯ ಬಟ್ಟೆ ಪಡೆಯುತ್ತಿದ್ದರು. ಓದುಬಾರದ ಮನೆಗೆ ನೆರೆಯ ಸುದ್ದಿಯೂ ಬರದ ಸುದ್ದಿಯೂ ಹೀಗೆಯೇ ತಲುಪುತ್ತಿತ್ತು. ಪತ್ರಿಕೆಗಳು ವಾರದಲ್ಲಿ ಮರೆತ ಸಾವನ್ನು ಇವರು ಇಷ್ಟು ವರ್ಷ ಹಾಡಿದ್ದಾರೆ. ನಮ್ಮ ಸಂಶಯ ಅಲ್ಲಿಗೆ ಸಡಿಲವಾಯಿತು, ಪೂರ್ಣ ಕಳೆಯಿತೆನ್ನಲಾರೆವು.

"ದೀದಿ, ನೀವು ಕಡಲನ್ನು ಕಂಡಿದ್ದೀರಾ?" ಎಂದು ಕೇಳಿದೆವು.

"ದೀಘಾದಲ್ಲಿ ಒಮ್ಮೆ ಕಂಡೆ. ಅಂದು ಅದು ಸುಮ್ಮನಿತ್ತು" ಎಂದರು.

ಅನಂತರ ಪಟವನ್ನು ಕೆಳಗಿನಿಂದ ಸುತ್ತತೊಡಗಿದರು. ಮಕ್ಕಳು, ಮೀನುಗಳು ಒಂದೊಂದಾಗಿ ಮರೆಯಾದವು. ಕಡಲಿನ ಆ ಮುಖ ಕಡೆಯವರೆಗೂ ಹೊರಗೇ ಉಳಿದಿತ್ತು.