ಚಿಪ್ಪಿಲ್ಲದ ಹುಳು, ಸಂಬಳವಿಲ್ಲದ ವರದಿಗಾರ

ತೋಟದ ಬಸವನಹುಳುವಿಗೆ ಸಮುದ್ರದಲ್ಲೊಬ್ಬ ದೂರದ ನೆಂಟನಿದ್ದಾನೆ, ಕ್ರೊಮೊಡೋರಿಸ್. ವಾಸ ಹವಳದ ದಿಬ್ಬಗಳಲ್ಲಿ. ನೀಲಿ ಮೈ, ಕಪ್ಪು ಪಟ್ಟೆ, ಕಿತ್ತಳೆ ಅಂಚು. ಮರಿಯಾಗಿದ್ದಾಗ ಚಿಪ್ಪಿರುತ್ತೆ, ಬೆಳೆಯುವಾಗ ಕಳಚಿಹೋಗುತ್ತೆ. ಮತ್ತೆ ಮೀನುಗಳಿಂದ ಉಳಿಯೋದು ಹೇಗೆ?

ಅದರ ಊಟ ಸ್ಪಂಜು. ಅದರಲ್ಲಿರೋ ವಿಷವೇ ಹುಳುವಿಗೆ ಆಯುಧ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದು ಜಾತಿಗಳನ್ನು ಪರೀಕ್ಷಿಸಿದರು. ಹೊಟ್ಟೆಯಲ್ಲಿ ಬೇರೆ ರಾಸಾಯನಿಕಗಳೂ ಇದ್ದವು; ಆದರೆ ಮೈಯಂಚಿನಲ್ಲಿ ಐದೂ ಕೂಡಿಟ್ಟಿದ್ದು ಒಂದನ್ನೇ, ಲ್ಯಾಟ್ರಂಕ್ಯುಲಿನ್ ಎ. ಬಣ್ಣ ಅಂದರೆ ಎಚ್ಚರಿಕೆಯ ಬೋರ್ಡು.

ನಾನು ಸ್ಟ್ರಿಂಗರ್. ಸಂಬಳವಿಲ್ಲ, ಸುದ್ದಿಗಿಷ್ಟು ಅಂತ ಕಾಸು. ಮರಳು ಲಾರಿಗಳ ಬಗ್ಗೆ ಬರೆದ ರಾತ್ರಿ “ನೋಡ್ಕೋತೀವಿ” ಅಂತ ಫೋನ್ ಬಂತು. ಮನೆಯವಳು ನಿದ್ದೆ ಮಾಡಲಿಲ್ಲ. ಆ ಸುದ್ದಿಗೆ ಊರವರು ಹತ್ತು ಮಾತು ಹೇಳಿದ್ದರು. ದಾಖಲೆ ಇದ್ದ ಒಂದನ್ನೇ ಬರೆದಿದ್ದೆ. ಇವತ್ತಿನವರೆಗೂ ಯಾರೂ ಅದನ್ನು ಸುಳ್ಳು ಅಂದಿಲ್ಲ. ಎರಡನೇ ಕಂತು ನಾಳೆ ಕಳಿಸ್ತೀನಿ.